ಮಲಕಾಜಪ್ಪನ ನಾಲ್ಕನೆಯ ಇಯತ್ತೆ

ರುಮಾಲು ಮತ್ತೆ ಜಾರಿ ಮಲಕಾಜಪ್ಪನ ಮೂಗಿನ ಮೇಲೆ ಬಂದು ನಿಂತಿತು.

“ತಲಿ ನೆಟ್ಟಗ ಹಿಡಿಯೋ ಉಳವಪ್ಪಾ,” ಎಂದು ಭರಮಪ್ಪ ಗದರಿದ. “ನಾ ಒಂದ ಸುತ್ತ ಸುತ್ತೂದರಾಗ ನೀ ಕೈ ಬಿಡತಿ.”

“ಹಿಡದೇನಿ ಕಾಕಾ. ಕುತ್ತಿಗಿ ನಿಲ್ಲವಲ್ದು.”

“ಹೆಂಗ ನಿಂತೀತು? ಇದ್ದಾಗರೆ ಒಂದಿನಾ ನನ್ನ ಮಾತ ಕೇಳ್ಯಾನೇನ ಇಂವಾ?”

ಭರಮಪ್ಪ ಗೆಳೆಯನ ಗದ್ದದ ಕೆಳಗೆ ಒಂದು ಅರಿವೆಯ ಪಟ್ಟಿ ಹಾಯಿಸಿ, ಅದನ್ನು ಹಿಂದಿನ ಗೋಡೆಯ ಗೂಟಕ್ಕೆ ಬಿಗಿದ. ತಲೆ ನಿಂತಿತು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮೈಮೇಲೆ ಮಡಿಕೆ ಬಿಚ್ಚಿದ ಹೊಸ ಧೋತರ. ಲಿಂಗವಂತರ ರೂಢಿಯಂತೆ ಹೆಣವನ್ನು ಅಂಗಳದ ಕಟ್ಟೆಯ ಮೇಲೆ, ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದ್ದರು. ಅವರಲ್ಲಿ ಸತ್ತವರು ಮಲಗಿ ಹೋಗುವುದಿಲ್ಲ. ಕುಳಿತೇ ಹೋಗುತ್ತಾರೆ, ಮಣ್ಣಿನೊಳಗೂ ಕುಳಿತೇ ಇರುತ್ತಾರೆ.

“ಸಾಲಿ ಹುಡುಗಾ ತಯಾರಾದ ನೋಡವಾ ಬಾಯಕ್ಕ,” ಎಂದ ಭರಮಪ್ಪ, ಒಂದು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸ ತಾನೇ ನೋಡುತ್ತ.

“ಬಾಯಿ ಮುಚ್ಚೋ ಭರಮಣ್ಣಾ,” ಎಂದಳು ನೆರೆಮನೆಯ ದೇವಕ್ಕ. “ಹೆಣದ ಮುಂದೂ ನಿನ್ನ ಚಾಷ್ಟಿ ಬಿಡವಲ್ದು.”

“ನಾ ಚಾಷ್ಟಿ ಬಿಟ್ಟರ ಇಂವಾ ಖರೇನ ಸತ್ತೇನಿ ಅಂತ ತಿಳಕೊಂಡಾನ ತಂಗಿ,” ಎಂದ ಭರಮಪ್ಪ, ಮುಖವನ್ನು ಆ ಕಡೆ ತಿರುಗಿಸಿಕೊಂಡು.

ಬಾಯವ್ವ ಗಂಡನ ಬಲಕ್ಕೆ ಕುಳಿತಿದ್ದಳು. ಇನ್ನೂ ಅತ್ತಿರಲಿಲ್ಲ. ಹಿಂದಿನ ದಿನ ಎದೆ ಹಿಡಿದಂತಾಗುತ್ತದೆ ಎಂದಾಗಲೇ ನೇಸರಗಿಗೆ, ಮಗಳು ಶಟ್ಟೆವ್ವನ ಮನೆಗೆ, ಆಳು ಕಳಿಸಿದ್ದರು. ನಸುಕಿನಲ್ಲಿ ಆತ ಎದ್ದು, “ನೀರ ಕಾಸು, ಇವತ್ತ ದಿಪೋಟಿ ಬರತಾನ,” ಎಂದಿದ್ದ. ದಿಪೋಟಿ ಎಂದರೆ ವರ್ಷಕ್ಕೊಮ್ಮೆ ಸವದತ್ತಿಯಿಂದ ಕುದುರೆ ಏರಿ ಬಂದು ಶಾಲೆಗಳ ಪರೀಕ್ಷೆ ತೆಗೆದುಕೊಳ್ಳುವ ಡೆಪ್ಯುಟಿ ಸಾಹೇಬ. ಬಾಯವ್ವ ಒಲೆಗೆ ಕಟ್ಟಿಗೆ ಇಟ್ಟು ಬರುವಷ್ಟರಲ್ಲಿ ಹಾಸಿಗೆಯ ಅಂಚಿಗೆ ಕುಳಿತವನು ಕುಳಿತಂತೆಯೇ ಹೋಗಿದ್ದ. ಕಾಯಿಸಿದ ಆ ನೀರನ್ನೇ ಮೈಗೆ ಹಾಕಿದ್ದರು.

ಹೊರಗೆ, ಅಂಗಳದ ಬಾಗಿಲಿನಾಚೆ, ಬೇವಿನ ಗಿಡದ ಕೆಳಗೆ ಕೃಷ್ಣಾಜಿ ಮಾಸ್ತರರು ನಿಂತಿದ್ದರು. ಹೆಗಲ ಮೇಲಿನ ಉಪರಣೆಯ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಬ್ರಾಹ್ಮಣರಾದ ಅವರು ಹೆಣವಿದ್ದ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಬಿಟ್ಟು ಹೋಗಲಿಕ್ಕೂ ಕಾಲು ಬಂದಿರಲಿಲ್ಲ. ಭರಮಪ್ಪ, ಉಳವಪ್ಪ ಇಬ್ಬರೂ ಅವರ ಬಳಿಗೆ ಹೋದರು.

“ಹೆಂಗ ಮಾಡೋಣಪಾ?” ಎಂದರು ಮಾಸ್ತರರು. “ಮಧ್ಯಾಹ್ನಕ್ಕ ಸಾಹೇಬರು ಬರತಾರ.”

“ನಾಳಿ ಬರ್ರಿ ಅಂತ ಹೇಳ್ರಿ,” ಎಂದ ಭರಮಪ್ಪ.

“ನಾಳೆ ಅವರು ಬೈಲಹೊಂಗಲದ ಹಾದಿ ಹಿಡೀತಾರ. ಮತ್ತ ಈ ಕಡೆ ಬರೋದು ಬರೂ ವರ್ಷನ.”

“ಅಂದರ ಇವತ್ತ ಸಾಲಿ ತಗೀಬೇಕು. ಊರಾಗ ಹೆಣ ಐತಿ, ಒಂದ ಮನ್ಯಾಗೂ ಒಲಿ ಹೊತ್ತಿಲ್ಲ, ಹಣಮಪ್ಪನ ಗುಡೀಗೇ ಕೀಲಿ ಹಾಕೇತಿ. ಸಾಲಿ ಹೆಂಗ ತಗಿತೀರಿ?” ಎಂದ ಉಳವಪ್ಪ. ಆತ ಮಲಕಾಜಪ್ಪನ ತಮ್ಮನ ಮಗ. ಗಂಡುಮಕ್ಕಳಿಲ್ಲದ ದೊಡ್ಡಪ್ಪನಿಗೆ ಮಣ್ಣು ಕೊಡುವವನು ಅವನೇ. “ಒಂದ ಕೆಲಸಾ ಮಾಡೂಣ. ಈಗಿಂದೀಗ ಎತ್ತಿಬಿಡೂಣ. ಮಣ್ಣ ಮಾಡಿ, ಜಳಕಾ ಮಾಡಿ ಬಂದರ ಹುಡುಗೂರು ಸಾಲ್ಯಾಗ ಕುಂದರತಾವ.”

“ಶಟ್ಟೆವ್ವ?” ಎಂದ ಭರಮಪ್ಪ. “ಅಪ್ಪನ ಮಾರಿ ನೋಡೂದ ಬ್ಯಾಡೇನ ಆ ಹುಡುಗಿ? ಒಬ್ಬಾಕಿ ಮಗಳು.”

ಕೃಷ್ಣಾಜಿ ತಲೆ ಅಲ್ಲಾಡಿಸಿದರು. “ಎತ್ತಿದರೂ ಉಪಯೋಗಿಲ್ಲ. ಹಜೇರಿ ಪಟದ ಮ್ಯಾಲೆ ಇಪ್ಪತ್ತೈದು ಹೆಸರು ಬೇಕು, ಇಲ್ಲಾಂದರ ಸಾಲಿಗೆ ಬೀಗ. ಮಲಕಾಜಪ್ಪ ಹೋದ ಅಂದರ ಒಂದ ಕಮ್ಮಿ ಆತು.”

“ನನ್ನ ಹೆಸರ ಬರಕೋರಿ,” ಎಂದ ಭರಮಪ್ಪ ತಟ್ಟನೆ. “ಅಂವಗ ಬರದಿದ್ದು ನನಗರೆ ಎಲ್ಲಿ ಬರತೈತಿ? ಜೋಡಿ ಆಗತೈತಿ.”

“ಆರ ತಿಂಗಳ ಹಿಂದ ಬರಸಿದ ಹೆಸರ ಅಷ್ಟ ಎಣಿಸತಾರ ಭರಮಪ್ಪಾ. ಇಲ್ಲಾಂದರ ತಪಾಸಣಿ ದಿನಾ ಜಾತ್ರಿ ಮಂದೀನೆಲ್ಲಾ ತಂದ ಕುಂದರಸತಾರ ಅಂತ ಕಾಯದೆ ಮಾಡ್ಯಾರ.”

ಒಳಗೆ ಭಜನೆಯ ತಾಳ ಶುರುವಾಯಿತು.

*

ಆ ಶಾಲೆ ಹುಟ್ಟಿದ್ದು ಪ್ಲೇಗಿನ ವರ್ಷ. ಮೊದಲು ಇಲಿಗಳು ಬಿದ್ದವು, ಆಮೇಲೆ ಮನುಷ್ಯರು. ಊರಿಗೆ ಊರೇ ಬಾಗಿಲಿಗೆ ಮುಳ್ಳುಕಂಟಿ ಬಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಅಂಥದರಲ್ಲಿ ರಾಮದುರ್ಗದ ಕಡೆಯಿಂದ ಹೊರಟ ಒಬ್ಬ ತರುಣ, ಸೋದರಮಾವನ ಊರು ಮುಟ್ಟಲಾಗದೆ, ಜ್ವರ ಬಂದು ಮಲಕಾಜಪ್ಪನ ಹೊಲದ ಬದುವಿನ ಮೇಲೆ ಕುಳಿತುಬಿಟ್ಟ. ಜ್ವರ ಎಂದರೆ ಸಾಕು, ಆಗ ಹಡೆದವರೂ ದೂರ ನಿಲ್ಲುತ್ತಿದ್ದ ಕಾಲ. ಮಲಕಾಜಪ್ಪ ಹತ್ತಿರ ಹೋದ. ಹೋಗಿ ನೋಡಿದರೆ ಅದು ಬರೀ ಥಂಡಿ ಜ್ವರ.

ತರುಣನ ಹೆಸರು ಕೃಷ್ಣಾಜಿ. ಬೇರೆ ಒಲೆ ಹೂಡಿಕೊಂಡು, ತನ್ನ ಅಡಿಗೆ ತಾನು ಬೇಯಿಸಿಕೊಂಡು, ಗುಡಿಸಲುಗಳ ಮಗ್ಗುಲಲ್ಲಿ ಉಳಿದ. ಹೊತ್ತು ಹೋಗದಾಗ ಮಣ್ಣು ನುಣ್ಣಗೆ ಸವರಿ ಬೆರಳಿನಿಂದ ಅಕ್ಷರ ಬರೆಯುತ್ತ ಕುಳಿತುಕೊಳ್ಳುತ್ತಿದ್ದ. ಆಡಲು ಓಣಿಯಿಲ್ಲದ ಮಕ್ಕಳು ಸುತ್ತ ಕೂಡಿದವು. ರೋಗ ಇಳಿದು ಜನ ಊರಿಗೆ ಮರಳಿದ ಮೇಲೂ ಮಕ್ಕಳು ಬೆಳಗಾದರೆ ಆತನನ್ನು ಹುಡುಕಿಕೊಂಡು ಹೋಗುವುದು ತಪ್ಪಲಿಲ್ಲ.

ಆಗ ಚಾವಡಿಯಲ್ಲಿ ಕೂಡಿ, ಹ್ವಾದವರು ಹ್ವಾದರು, ಇದ್ದವರಿಗೆ ಏನಾದರೂ ಮಾಡೂಣ ಎಂದು ಶಾಲೆಯ ಮಾತು ತೆಗೆದರು. ಒಬ್ಬ ತೊಲೆ ಕೊಟ್ಟ, ಒಬ್ಬ ಕಲ್ಲು ಹೇರಿದ. ಹೆಂಗಸರು ಸೆಗಣಿ ಸಾರಿಸಿದರು. ಜಾಗ ಎಲ್ಲಿ ಎಂದಾಗ ಮಲಕಾಜಪ್ಪ ತನ್ನ ದನದ ಕೊಟ್ಟಿಗೆ ಬಿಟ್ಟುಕೊಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಲು ಧೈರ್ಯ ಸಾಲದೆ ಎತ್ತುಗಳನ್ನು ಸುಮ್ಮನೆ ತಂದು ನಡುಮನೆಯಲ್ಲಿ ಕಟ್ಟಿದ.

“ಇವೇನ ಬೀಗರೇನ?” ಎಂದು ಕೇಳಿದ್ದಳು ಬಾಯವ್ವ.

“ಒಂದ ಎರಡ ದಿನಾ,” ಎಂದಿದ್ದ. ಎತ್ತುಗಳು ಮತ್ತೆ ಹೊರಗೆ ಹೋಗಲೇ ಇಲ್ಲ.

ಕೆಲ ವರ್ಷದ ಮೇಲೆ ಸರಕಾರ ಶಾಲೆಯನ್ನು ತನ್ನ ಕಡೆ ಬರೆದುಕೊಳ್ಳಲು ಒಪ್ಪಿತು. ಆದರೆ ಪಟದ ಮೇಲೆ, ಅಂದರೆ ಹಜೇರಿಯಲ್ಲಿ, ಇಪ್ಪತ್ತೈದು ಹೆಸರು ಇರಬೇಕು. ಕಮ್ಮಿಯಾದ ವರ್ಷ ಬೀಗ. ಬೀಗ ಬಿದ್ದರೆ ಮಕ್ಕಳು ಹಳ್ಳ ದಾಟಿ ಮುರಗೋಡಕ್ಕೆ ಹೋಗಬೇಕು, ಮಳೆಗಾಲದಲ್ಲಿ ಆ ಹಳ್ಳ ಎತ್ತನ್ನೇ ಹೊತ್ತೊಯ್ಯುವಂಥದ್ದು. ಊರು ಜಾಲಾಡಿದರೂ ಒಂದು ಹೆಸರು ಕಮ್ಮಿ ಬಿತ್ತು. ಉಳಿದ ಹುಡುಗರು ಮಂದಿಯ ದನ ಕಾಯುವವರು. ಹೆಣ್ಣುಮಕ್ಕಳ ಮಾತನ್ನು ಮಾಸ್ತರರು ಎತ್ತಿದಾಗ ಚಾವಡಿಯಲ್ಲಿದ್ದವರೆಲ್ಲ ತಂತಮ್ಮ ಎಲೆಯಡಿಕೆಯ ಚೀಲ ಹುಡುಕತೊಡಗಿದರು.

“ಕಾಯದೇದಾಗ ವಯಸ್ಸಿನ ಮಾತ ಐತೇನ್ರಿ?” ಎಂದು ಕೇಳಿದ ಮಲಕಾಜಪ್ಪ.

“ಐದು ವರ್ಷ ಮುಗದಿರಬೇಕು ಅಂತ ಅದ.”

“ನನಗ ಮುಗದಾವ ತಗೋರಿ. ಬರೀರಿ ಹೆಸರು.”

ಹೀಗೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಮಲಕಾಜಪ್ಪ ಒಂದನೆಯ ಇಯತ್ತೆಯ, ಅಂದರೆ ಒಂದನೆಯ ತರಗತಿಯ, ಸಾಲಿನ ಕೊನೆಗೆ ಕುಳಿತ. ಬರೀ ಹೆಸರಿಗೆ ಎಂದು ಎಲ್ಲರೂ ತಿಳಿದಿದ್ದರು. ಆತ ಮಾತ್ರ ದಿನಾ ಮಧ್ಯಾಹ್ನ ಹೊಲದಿಂದ ಬಂದು, ಕೈಕಾಲು ತೊಳೆದು, ಪಾಟಿ ಹಿಡಿದು ಕೂರತೊಡಗಿದ. ಭರಮಪ್ಪ ಶಾಲೆಯ ಕಿಟಕಿಯಲ್ಲಿ ಹಣಿಕಿ, “ಮಾಸ್ತರ್ರ, ಈ ಹುಡುಗಾ ಅಳಾಕತ್ತರ ನನಗ ಹೇಳಿ ಕಳಸ್ರಿ, ಮನೀಗೆ ಎತ್ತಿಕೊಂಡ ಹೊಕ್ಕೇನಿ,” ಎನ್ನುತ್ತಿದ್ದ. ಓಣಿಯ ಹೆಂಗಸರು ಬಾಯವ್ವನಿಗೆ, “ನಿನ್ನ ಗಂಡಗ ಬುತ್ತಿ ಕಟ್ಟಿದಿಯೇನವಾ?” ಎನ್ನುತ್ತಿದ್ದರು. ಆಕೆಗೆ ನಗು ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಆತ ಬಾಯಿ ಬಿಡಬಾರದು ಎಂಬುದು ಮಾಸ್ತರರಿಗೂ ಆತನಿಗೂ ಇದ್ದ ಕರಾರು. ಪಾಸಾದವರು ಮೇಲಿನ ಇಯತ್ತೆಗೆ ಹೋಗುತ್ತಾರೆ. ನಾಲ್ಕನೆಯದು ಪಾಸಾದರೆ ಶಾಲೆ ಮುಗಿಯಿತು, ಹೆಸರು ಪಟದಿಂದ ಹೋಯಿತು. ನಾಪಾಸಾಗುತ್ತ ಹೋದರೆ ಹೆಸರು ಉಳಿಯುತ್ತದೆ. ಎರಡು ವರ್ಷ ಕರಾರು ನಡೆಯಿತು. ಆಮೇಲಿನ ವರ್ಷ ಆಗಿನ ದಿಪೋಟಿ ಪಕ್ಕದ ಹುಡುಗನಿಗೆ ಹದಿನೇಳೆಂಟ್ಲೆ ಎಷ್ಟು ಎಂದು ಕೇಳಿದ. ಹುಡುಗ ಬೆವರಿದ, ತುಟಿ ನೆಕ್ಕಿದ, ಸೂರು ನೋಡಿದ. ನೋಡಲಾಗದೆ ಮಲಕಾಜಪ್ಪ, “ನೂರಾಮೂವತ್ತಾರು ಅನ್ನಲೇ ತಮ್ಮಾ,” ಎಂದುಬಿಟ್ಟ. ದಿಪೋಟಿ ಹೊಟ್ಟೆ ಹಿಡಿದು ನಕ್ಕ. ಹುಡುಗನನ್ನು ನಾಪಾಸು ಮಾಡಿ ಮಲಕಾಜಪ್ಪನನ್ನು ಪಾಸು ಮಾಡಿದ. ಮುಂದಿನ ಎರಡು ವರ್ಷ ಬಂದಾಗಲೂ, “ಎಲ್ಲಿ ನಮ್ಮ ದೊಡ್ಡ ವಿದ್ಯಾರ್ಥಿ?” ಎಂದು ಕೇಳಿ, ಪ್ರಶ್ನೆಯನ್ನೇ ಕೇಳದೆ ಮೇಲಕ್ಕೆ ದೂಡಿದ. ಹೀಗೆ ಪ್ರೀತಿಗೆ ಸಿಕ್ಕು ಮಲಕಾಜಪ್ಪ ನಾಲ್ಕನೆಯ ಇಯತ್ತೆಗೆ ಬಂದು ನಿಂತ. ಅಲ್ಲಿಂದ ಮುಂದೆ ದಾರಿಯಿರಲಿಲ್ಲ. ಅಲ್ಲಿ ಅವನು ಗಟ್ಟಿಯಾಗಿ ಕುಳಿತು ನಾಪಾಸಾಗತೊಡಗಿದ.

ಶಾಲೆಯಿಂದ ಹೊರಬಿದ್ದವರಲ್ಲಿ ಒಬ್ಬ ಸವದತ್ತಿಯಲ್ಲಿ ಭೂಮಿಯ ಲೆಕ್ಕ ಬರೆಯುವ ತಲಾಠಿಯಾದ. ಒಬ್ಬ ಬೈಲಹೊಂಗಲದ ಅರಳೆ ಪೇಟೆಯಲ್ಲಿ ಗುಮಾಸ್ತನಾದ. ಒಬ್ಬ ಮುರಗೋಡದ ಮಠದಲ್ಲಿ ಸಂಜೆ ಪುರಾಣ ಓದುತ್ತಾನೆ. ಉಳಿದವರು ಮೊದಲಿನಂತೆಯೇ ಕುಂಟೆ ಹಿಡಿದರು. ಅಷ್ಟಕ್ಕೇನಾ ಇಷ್ಟು ವರ್ಷ ಎಂದು ಕೃಷ್ಣಾಜಿ ಒಮ್ಮೊಮ್ಮೆ ಬೇಜಾರು ಪಟ್ಟುಕೊಳ್ಳುತ್ತಿದ್ದರು. ಆಗ ಮಲಕಾಜಪ್ಪ, “ಕುಂಟಿ ಹೊಡ್ಯಾವ್ರು ಈಗ ಮಗ್ಗಿ ಅಂತ ಹೊಡೀತಾರ್ರಿ. ಎತ್ತಿಗೂ ಬ್ಯಾಸರಿಲ್ಲ, ಅವ್ರಿಗೂ ಬ್ಯಾಸರಿಲ್ಲ,” ಎನ್ನುತ್ತಿದ್ದ.

*

“ಹೊತ್ತ ಏರಾಕತ್ತೇತಿ ದೊಡ್ಡವ್ವಾ,” ಎಂದು ಉಳವಪ್ಪ ಬಂದು ಬಾಯವ್ವನ ಮುಂದೆ ಕುಕ್ಕರಿಸಿದ. “ಹೇಳು. ಎತ್ತೂಣೋ, ಶಟ್ಟೆವ್ವನ ಹಾದಿ ಕಾಯೂಣೋ?”

ಬಾಯವ್ವ ಗಂಡನ ಧೋತರದ ಅಂಚು ಸರಿ ಮಾಡಿದಳು. ಉಳವಪ್ಪನೇ ಮುಂದುವರಿಸಿದ.

“ಕಾಯ್ದರ ಸಾಲಿ ತಗ್ಯಾಕ ಬರಂಗಿಲ್ಲ. ಎತ್ತಿದರ ಒಬ್ಬ ಕಮ್ಮಿ. ಎರಡೂ ಕಡೀಗೂ ಬೀಗ ಬೀಳೂದ ಅನ್ನತಾರ ಮಾಸ್ತರ್ರು. ಮುಂದಿನ ವರ್ಷ ಆಗಿದ್ದರ ಚಿಂತಿಲ್ಲದಿತ್ತು, ನಮ್ಮ ಸಣ್ಣಾಂವ ಐದ ತುಂಬತಾನ, ದೇವಕ್ಕನ ಮೊಮ್ಮಗನೂ ತುಂಬತಾನ. ಈ ಒಂದ ವರ್ಷ ನಡಕ ಬಿತ್ತು.”

“ಬೀಳಲಿ ಬಿಡೋ,” ಎಂದಳು ದೇವಕ್ಕ. “ಗಂಡನ್ನ ಕಳಕೊಂಡ ಕುಂತಾಕಿ ಮುಂದ ಸಾಲಿ ಪಂಚಾತಿ ತಂದೀರೆಲ್ಲಾ. ಆ ಸಾಲಿ ಈಕೀಗೆ ಏನ ಕೊಟ್ಟೈತಿ?”

“ಏನೂ ಕೊಟ್ಟಿಲ್ಲ,” ಎಂದಳು ಬಾಯವ್ವ. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು. “ನನ್ನ ಕೊಟಗಿ ತಿಂತು. ಸುಗ್ಗ್ಯಾಗ ಒಂದ ಆಳಿನ ಕೆಲಸಾ ತಿಂತು. ಈ ವಯಸ್ಸಿನ್ಯಾಗ ಮಂದಿ ಕಡೆ ನಗಸಿತು.”

“ಮತ್ತ?” ಎಂದಳು ದೇವಕ್ಕ.

“ನಿನ್ನಿ ರಾತ್ರಿ ಎದಿ ಹಿಡಕೊಂಡ ಕುಂತಾಗ ನಾ ಕೇಳಿದೆ, ಭಾಳ ನೋಯತೈತೇನ ಅಂತ. ಅದಕ್ಕ ಏನಂದ ಗೊತ್ತೈತೇನ? ‘ನಾಳಿ ಆ ದಿಪೋಟಿ ನನ್ನ ಪಾಸ ಮಾಡೇ ಬಿಡತಾನ ಬಾಯೀ’ ಅಂದ. ಸಾಯೂ ಚಿಂತಿ ಇದ್ದಿದ್ದಿಲ್ಲ ಅವಗ. ಪಾಸಾಗೂ ಚಿಂತಿ ಇತ್ತು.”

ಭಜನೆಯವರೊಳಗೆ ಒಬ್ಬ ತಾಳ ನಿಲ್ಲಿಸಿ ಈ ಕಡೆ ನೋಡಿದ.

ಬಾಯವ್ವ ಎದ್ದು ಅಂಗಳದ ಬಾಗಿಲಿಗೆ ಬಂದಳು. ಹೆಣದ ಮಗ್ಗುಲು ಬಿಟ್ಟು ಏಳಬಾರದು ಎಂದು ದೇವಕ್ಕ ಸೆರಗು ಹಿಡಿದರೂ ನಿಲ್ಲಲಿಲ್ಲ.

“ಮಾಸ್ತರ್ರ, ಸಾಲಿ ಅಂದರ ಆ ನಾಕ ಗ್ವಾಡೀನ ಏನ್ರಿ?”

ಕೃಷ್ಣಾಜಿಗೆ ತಿಳಿಯಲಿಲ್ಲ. “ಅಲ್ಲ. ಮೊದಲ ನಾ ಹೊಲದಾಗೂ ಕಲಸೇನಿ.”

“ಹಂಗಾರ ಇಲ್ಲಿ ಕರಕೊಂಡ ಬರ್ರಿ ಹುಡುಗೂರ್ನ. ಪಾಟಿ ತಗೊಂಡ ಬಂದು ಈ ಅಂಗಳದಾಗ ಕುಂದರಲಿ. ಅವು ಹೆಂಗೂ ಮಣ್ಣಿಗೆ ಬರೂ ಹುಡುಗೂರ. ನನ್ನ ಮಗಳು ಬರೂ ಮಟಾ ನಾ ಎತ್ತಗೊಡಂಗಿಲ್ಲ. ಅಲ್ಲೀ ಮಟಾ ಆತ ಈ ಮನ್ಯಾಗ ಕುಂತಾಂವ. ಬರಲಿ ಆ ಸಾಹೇಬ. ಬಂದ ನೋಡಲಿ.”

“ಅವರೂ ಬ್ರಾಹ್ಮಣರವಾ, ಬಾಯವ್ವ. ಹೆಣಾ ಇದ್ದ ಅಂಗಳದಾಗ...”

“ನೀವು ಬರತೀರಿಲ್ಲೋ? ಅಷ್ಟ ಹೇಳ್ರಿ.”

ಕೃಷ್ಣಾಜಿ ಹೊಸ್ತಿಲನ್ನು ನೋಡಿದರು. ಒಳಗೆ, ಗೂಟಕ್ಕೆ ಬಿಗಿದ ತಲೆಯ ಮೇಲೆ ಭರಮಪ್ಪ ಸುತ್ತಿದ ಡೊಂಕು ರುಮಾಲು ಕಾಣುತ್ತಿತ್ತು. ಅವರು ಉಪರಣೆಯನ್ನು ಸೊಂಟಕ್ಕೆ ಬಿಗಿದುಕೊಂಡು ಒಳಗೆ ಬಂದರು.

*

ಪಾಸು ಮಾಡಿಯೇ ತೀರುತ್ತೇನೆ ಎಂದು ಹೊಸ ದಿಪೋಟಿ ದಿಗಂಬರರಾಯರು ಹಟ ಹಿಡಿದದ್ದಕ್ಕೂ ಒಂದು ಕಾರಣವಿತ್ತು.

ಹಿಂದಿನ ವರ್ಷ ಅವರು ಮೊದಲ ಸಲ ಈ ಕಡೆ ಬಂದಾಗ ಹಳ್ಳ ದಾಟುವಲ್ಲಿ ಕುದುರೆ ಎಡವಿ ಕನ್ನಡಕ ನೀರುಪಾಲಾಯಿತು. ನವಿಲುತೀರ್ಥದ ಗುಡ್ಡ ಹಿಂದೆ ಬಿಟ್ಟು ಒಂದು ಕವಲು ದಾರಿಗೆ ಬಂದರೆ ಅಲ್ಲಿ ಹಲಗೆ ಬರೆದು ನೆಟ್ಟಿದ್ದಾರೆ; ಓದಲು ಕಣ್ಣಿಲ್ಲ. ಹೊಲದಲ್ಲಿ ಸದೆ ಕೀಳುತ್ತಿದ್ದ ಒಬ್ಬ ಮುದುಕನನ್ನು ಕರೆದು, “ಓದಲಿಕ್ಕೆ ಬರುವವರು ಯಾರಾದರೂ ಇದ್ದಾರೇನು ಇಲ್ಲಿ?” ಎಂದರು. ಮುದುಕ ಕೈಯ ಮಣ್ಣು ಜಾಡಿಸಿ, ಹಲಗೆಯ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಒಂದು ಸಾಲೂ ಬಿಡದೆ ಓದಿ ಹೇಳಿದ. ಮಳೆಗೆ ಅಳಿಸಿದ್ದನ್ನೂ ತಾನೇ ತುಂಬಿಸಿ ಹೇಳಿದ. ರಾಯರಿಗೆ ಖುಷಿಯಾಯಿತು. ಎಷ್ಟು ಖುಷಿಯೆಂದರೆ ಯಾವ ಶಾಲೆ ಎಂದು ಕೇಳಿದರು. ಆಗ ಮುದುಕನ ಮುಖ ಇಳಿಯಿತು. ಇವರು ಯಾರು ಎಂಬುದು ಆಗ ಹೊಳೆದಿತ್ತು. “ಸಾಲಿಗೀಲಿ ಇಲ್ರಿ,” ಎಂದವನೇ ಹೊಲದಲ್ಲಿ ಅಡ್ಡ ಬಿದ್ದು ಓಡಿದ.

ಶಾಲೆಗೆ ಬಂದು ನೋಡಿದರೆ ನಾಲ್ಕನೆಯ ಇಯತ್ತೆಯ ಕೊನೆಗೆ ಅದೇ ಮುದುಕ, ಎದೆ ಏರಿಳಿಯುತ್ತಿದೆ, ಕಾಲಿಗೆ ಹಸಿ ಮಣ್ಣು.

“ಓದು,” ಎಂದರು.

“ಬರಂಗಿಲ್ರಿ.”

“ಹಾದ್ಯಾಗ ಓದಿದೆಲ್ಲೋ!”

“ಆ ಹಲಗಿ ದೊಡ್ಡದಿತ್ರಿ ಸಾಹೇಬ್ರ. ಇದರಾಗ ಅಕ್ಷರ ಸಣ್ಣವ ಅದಾವ.”

ಕನ್ನಡಕವಿಲ್ಲದೆ ರಾಯರಿಗೂ ಆ ಅಕ್ಷರ ಕಾಣುತ್ತಿರಲಿಲ್ಲ. ಏನು ಮಾಡಿಯಾರು? ನಾಪಾಸು ಬರೆದರು. ಆದರೆ ಕುದುರೆ ಹತ್ತುವಾಗ, “ಬರೂ ವರ್ಷ ಎರಡು ಕನ್ನಡಕ ತರತೇನಿ,” ಎಂದರು. “ಒಂದು ನನಗ, ಒಂದು ನಿನಗ. ಪಾಸ ಮಾಡೇ ಹೋಗತೇನಿ.” ಅವರು ತಮಾಷೆಗೆ ಅಂದಿದ್ದರೋ ಏನೋ. ಮಲಕಾಜಪ್ಪ ಅದನ್ನು ವರ್ಷವೆಲ್ಲ ಎದೆಯಲ್ಲಿ ಇಟ್ಟುಕೊಂಡು ತಿರುಗಿದ.

*

ಕುದುರೆ ಬಂದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಅಂಗಳದಲ್ಲಿ ಹುಡುಗರು ಎರಡು ಸಾಲಾಗಿ, ಎದುರುಬದುರಾಗಿ, ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಕುಳಿತಿದ್ದರು. ಸಾಲುಗಳು ಮುಗಿಯುವಲ್ಲಿ ಕಟ್ಟೆ. ಕಟ್ಟೆಯ ಮೇಲೆ ಮಲಕಾಜಪ್ಪ.

ದಿಗಂಬರರಾಯರು ಬಾಗಿಲಲ್ಲೇ ನಿಂತರು. ಕಣ್ಣಿಗೆ ಕನ್ನಡಕವಿತ್ತು, ಎಲ್ಲವೂ ಕಾಣುತ್ತಿತ್ತು.

“ಏನಿದು ಕೃಷ್ಣಾಜಿ? ಪರೀಕ್ಷೆ ಹಿಂಗೂ ನಡಿಸೋದುಂಟೇನು?”

ಮಾಸ್ತರರು ಭರಮಪ್ಪನ ಕಡೆ ನೋಡಿದರು. ಭರಮಪ್ಪ ಮುಂದೆ ಬಂದು ಕೈ ಮುಗಿದ. ಕೊಟ್ಟಿಗೆಯಿಂದ ಹಿಡಿದು ನಸುಕಿನಲ್ಲಿ ಕಾಯಿಸಿದ ನೀರಿನವರೆಗೆ ಹೇಳಿದ. ಇಷ್ಟು ವರ್ಷ ಆತ ಯಾಕೆ ನಾಪಾಸಾದ ಎಂಬುದನ್ನೂ ಮುಚ್ಚಲಿಲ್ಲ. ಹೇಳುವಾಗ ಮಾತ್ರ ಒಂದು ಸಲವೂ ಚೇಷ್ಟೆ ಮಾಡಲಿಲ್ಲ.

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೋಡಪಾ,” ಎಂದರು ಕೊನೆಗೆ, “ನಾ ಸುಳ್ಳ ಬರಿಯೂ ಪೈಕಿ ಅಲ್ಲ. ಇದ್ದದ್ದು ಇದ್ದಂಗ ಬರೀತೇನಿ. ಆಮ್ಯಾಲೆ ನನಗ ಅನಬ್ಯಾಡ್ರಿ.”

“ಇದ್ದದ್ದನ್ನ ಬರೀರಿ,” ಎಂದಳು ಬಾಯವ್ವ ಕಟ್ಟೆಯ ಮೇಲಿನಿಂದ.

ರಾಯರು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರು. “ಹಳ್ಳದಾಗ ನೀರ ಅದ ಏನು?” ಎಂದು ಕೃಷ್ಣಾಜಿಯನ್ನು ಮೆಲ್ಲಗೆ ಕೇಳಿದರು. “ಅದ,” ಎಂದರು ಮಾಸ್ತರರು. “ಹಂಗಾರ ಹೋಗೂ ಮುಂದ ಇಬ್ಬರೂ ಸ್ನಾನಾ ಮಾಡೋಣ.” ಯಾರೋ ಕಂಬಳಿ ಹಾಸಿದರು. ಭಜನೆ ನಿಂತಿತು.

ಪರೀಕ್ಷೆ ಶುರುವಾಯಿತು. ಚೆನ್ನಾಗಿ ಆಯಿತು ಎಂದು ಹೇಳುವಂತಿಲ್ಲ. ಸಣ್ಣ ಇಯತ್ತೆಯವರು ಅಕ್ಷರ ಬರೆಯುವಾಗ ಮೂಗು ಸುರಿಸಿ ಪಾಟಿ ಒದ್ದೆ ಮಾಡಿದರು. ಎರಡನೆಯವರಲ್ಲಿ ಒಬ್ಬ ಮಗ್ಗಿಯ ನಡುವೆ ದಾರಿ ತಪ್ಪಿ ಮತ್ತೊಂದು ಮಗ್ಗಿಗೆ ಹೋಗಿ ಅದನ್ನು ಸರಿಯಾಗಿ ಮುಗಿಸಿದ. ಮೂರನೆಯ ಇಯತ್ತೆಯ ಸಂಗಪ್ಪ ಎಂಬ ಹುಡುಗ ಮಾತ್ರ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟ, ಕೊಟ್ಟು ಮುಗಿಸಿದ ಮೇಲೆ ಅಳತೊಡಗಿದ.

ರಾಯರು ಒಂದು ಸಂಗತಿ ಗಮನಿಸಿದರು. ಉತ್ತರ ಹೊಳೆಯದೆ ನಿಂತ ಹುಡುಗರೆಲ್ಲ ಮಾಸ್ತರರ ಕಡೆ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಕಟ್ಟೆಯ ಕಡೆ ನೋಡುತ್ತಿದ್ದರು. ನೋಡಿ, ಥಟ್ಟನೆ ನೆನಪಾಗಿ, ಕಣ್ಣು ಕೆಳಗೆ ಹಾಕುತ್ತಿದ್ದರು.

“ಅಂವಾ ಗುಟ್ಟಾಗಿ ಹೇಳಿ ಕೊಡತಿದ್ದನೇನು?” ಎಂದರು.

“ಹೂಂನ್ರಿ,” ಎಂದರು ಕೃಷ್ಣಾಜಿ. “ಎಷ್ಟು ಬೈದರೂ ಬಿಡತಿದ್ದಿಲ್ಲ.”

ನಾಲ್ಕನೆಯ ಇಯತ್ತೆಯವರು ನಾಲ್ಕೇ ಮಂದಿ. ಮೂವರದಾಯಿತು. ಕೃಷ್ಣಾಜಿ ಹಜೇರಿಯಲ್ಲಿ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು ನಿಂತರು. ರಾಯರು ಕೈ ಚಾಚಿ ಅದನ್ನು ಇಸಿದುಕೊಂಡರು. ಅವರು ಬರೆಯುವ ಟಾಕು ಎತ್ತಿದ್ದನ್ನು ಎಲ್ಲರೂ ಕಂಡರು. ಇನ್ನು ಒಂದು ಅಡ್ಡಗೆರೆ ಎಳೆದರೆ ಮುಗಿಯಿತು ಎಂದು ಉಳವಪ್ಪ ಕಣ್ಣು ಮುಚ್ಚಿಕೊಂಡ.

“ಮಲಕಾಜಪ್ಪ,” ಎಂದು ಕರೆದರು ರಾಯರು.

ಹುಡುಗರೆಲ್ಲ ಕಟ್ಟೆಯ ಕಡೆ ತಿರುಗಿದರು.

“ಅದಾನ್ರಿ,” ಎಂದಳು ಬಾಯವ್ವ. “ಇಲ್ಲೇ ಕುಂತಾನ.”

ರಾಯರು ಎದ್ದರು. ಮಾಸ್ತರರ ಕೈಯಿಂದ ನಾಲ್ಕನೆಯ ಪುಸ್ತಕ ತೆಗೆದುಕೊಂಡು ಎರಡು ಸಾಲುಗಳ ನಡುವೆ ನಡೆದು ಕಟ್ಟೆಯ ಬಳಿ ಬಂದರು. ಒಂದು ಪುಟ ತೆರೆದು, ಆ ಮುಚ್ಚಿದ ಕಣ್ಣುಗಳ ಮುಂದೆ, ಓದಲು ಬೇಕಾಗುವಷ್ಟು ದೂರದಲ್ಲಿ ಹಿಡಿದರು.

“ಓದು,” ಎಂದರು.

ಬಳಿಕ ಕಾಯ್ದರು. ಉಳಿದವರಿಗೆ ಎಷ್ಟು ಹೊತ್ತು ಕೊಟ್ಟಿದ್ದರೋ ಅಷ್ಟೇ ಹೊತ್ತು. ಗಾಳಿಗೆ ಹಾಳೆ ಮಗುಚಿತು. ಹೆಬ್ಬೆರಳಿನಿಂದ ಅದನ್ನು ಮತ್ತೆ ಮೊದಲಿನ ಪುಟಕ್ಕೆ ತಂದು ಹಿಡಿದರು. ಹುಡುಗರು ಉಸಿರು ಹಿಡಿದು ನೋಡುತ್ತಿದ್ದರು. ಒಂದು ಕ್ಷಣ ಅವರಲ್ಲಿ ಯಾರಿಗೂ ಆತ ಓದುವುದಿಲ್ಲ ಎಂದು ಖಾತ್ರಿಯಿರಲಿಲ್ಲ.

“ಇನ್ನೊಮ್ಮೆ ಹೇಳತೇನಿ. ಓದು ಮಲಕಾಜಪ್ಪಾ.”

ಮತ್ತೆ ಕಾಯ್ದರು. ಆಮೇಲೆ ಪುಸ್ತಕ ಮುಚ್ಚಿ, ತಿರುಗಿ ಬಂದು, ಕಂಬಳಿಯ ಮೇಲೆ ಕುಳಿತು, ಟಾಕನ್ನು ಮಸಿಯಲ್ಲಿ ಅದ್ದಿ, ಬರೆದದ್ದನ್ನೇ ಬಾಯಿಂದಲೂ ಹೇಳುತ್ತ ಬರೆದರು.

“ಮಲಕಾಜಪ್ಪ. ಹಾಜರು. ಓದಲು ಎರಡು ಸಲ ಹೇಳಲಾಯಿತು. ಓದಲಿಲ್ಲ. ನಾಪಾಸು. ಅದೇ ಇಯತ್ತೆಯಲ್ಲಿ ಇಟ್ಟುಕೊಳ್ಳುವುದು.” ಟಾಕು ಒಂದು ಚಣ ನಿಂತಿತು. “ಪಟದ ಮೇಲೆ ಒಟ್ಟು ಇಪ್ಪತ್ತೈದು.”

ಭರಮಪ್ಪ ಹೆಗಲ ಮೇಲಿನ ಅರಿವೆಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ. ಆತನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟವಿತ್ತು. ಕೃಷ್ಣಾಜಿ ನೆಲದ ಮೇಲೆ ಕುಳಿತುಬಿಟ್ಟರು.

ಆಗಲೇ ಓಣಿಯಲ್ಲಿ ಎತ್ತಿನ ಕೊರಳಗಂಟೆ ಕೇಳಿಸಿತು. ಗಾಡಿ ಪೂರಾ ನಿಲ್ಲುವ ಮೊದಲೇ ಹಾರಿ ಇಳಿದ ಶಟ್ಟೆವ್ವ, “ಯಪ್ಪಾ, ನನ್ನ ಯಪ್ಪಾ,” ಎನ್ನುತ್ತ ಓಡಿ ಬಂದವಳು ಹೊಸ್ತಿಲ ಮೇಲೆ ಗಕ್ಕನೆ ನಿಂತಳು. ಹುಡುಗರ ಸಾಲು, ಪಾಟಿಗಳು, ಮಸಿ ಕುಡಿಕೆ, ಕನ್ನಡಕದ ಅಪರಿಚಿತ ಸಾಹೇಬ. ಬಾಯಲ್ಲಿದ್ದ ಅಳು ಬಾಯಲ್ಲೇ ನಿಂತಿತು.

“ಏನ ನಡದೈತವಾ ಇಲ್ಲಿ?” ಎಂದಳು ತಾಯಿಯ ಕಡೆ ನೋಡಿ, ಪಿಸುದನಿಯಲ್ಲಿ.

“ನಿಮ್ಮಪ್ಪ ನಾಪಾಸಾದ ಶಟ್ಟೆವ್ವಾ,” ಎಂದಳು ಬಾಯವ್ವ. ಅಷ್ಟು ಹೇಳುವುದರೊಳಗೆ ಬೆಳಗಿನಿಂದ ಬಿಗಿಹಿಡಿದ ಮುಖ ಒಡೆದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಎದ್ದೇಳಿ ಎಂದು ಹುಡುಗರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅವರು ಕುಳಿತಲ್ಲೇ ಮೊಣಕಾಲು ಒಳಗೆಳೆದುಕೊಂಡು, ಪಾಟಿಗಳನ್ನು ಎದೆಗೆ ಅವಚಿಕೊಂಡು, ನಡುವೆ ದಾರಿ ಬಿಟ್ಟರು. ಶಟ್ಟೆವ್ವ ಸೀರೆಯ ನಿರಿಗೆ ಎತ್ತಿ ಹಿಡಿದು, ಯಾರ ಬಳಪವನ್ನೂ ತುಳಿಯದಂತೆ ನೋಡಿ ನೋಡಿ ಹೆಜ್ಜೆ ಇಡುತ್ತ, ಆ ಎರಡು ಸಾಲುಗಳ ನಡುವೆ ಅಪ್ಪನ ಕಡೆಗೆ ನಡೆದಳು.